ನೀರು ಹೇಳುವ ಸುದ್ದಿ: ಮಿದುಳಿನ ಉರಿಯೂತ ಮತ್ತು ಎಂ.ಆರ್.ಐ.



ಕಾಲಿಗೆ ಮುಳ್ಳು ನೆಟ್ಟು ಕೀವಾದರೆ ಅದನ್ನು ತಿಳಿಯಲು ಯಾವ ಯಂತ್ರವೂ ಬೇಡ. ಆ ಜಾಗ ಕೆಂಪಗಾಗುತ್ತದೆ, ಊದಿಕೊಳ್ಳುತ್ತದೆ, ಮುಟ್ಟಿದರೆ ಬಿಸಿಯಾಗಿರುತ್ತದೆ, ಒತ್ತಿದರೆ ನೋಯುತ್ತದೆ. ಕ್ರಿ.ಶ. ಒಂದನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ಉರಿಯೂತದ ಲಕ್ಷಣಗಳೆಂದು ಬರೆದಿಟ್ಟದ್ದು ಈ ನಾಲ್ಕನ್ನೇ. ಇಂದಿನ ವೈದ್ಯ ವಿದ್ಯಾರ್ಥಿಗಳೂ ಮೊದಲು ಕಲಿಯುವುದು ಇವನ್ನೇ. ಮಿದುಳಿನ ವಿಷಯದಲ್ಲಿ ಮಾತ್ರ ಈ ನಾಲ್ಕೂ ಕೈಕೊಡುತ್ತವೆ. ತಲೆಬುರುಡೆಯೊಳಗಿನ ಕೆಂಪು ಕಣ್ಣಿಗೆ ಕಾಣದು, ಅಲ್ಲಿನ ಬಿಸಿ ಕೈಗೆ ಸಿಗದು, ಮಿದುಳಿನ ಅಂಗಾಂಶಕ್ಕೆ ನೋವು ತಿಳಿಸುವ ನರತುದಿಗಳೇ ಇಲ್ಲ. ಊತವಿದ್ದರೂ ಅದು ಗೊತ್ತಾಗುವುದು ತಲೆನೋವು, ವಾಂತಿ, ಫಿಟ್ಸ್, ಮಂಕು, ಕೈಕಾಲಿನ ಸೋಲು ಮುಂತಾದ ದೂರದ ಸೂಚನೆಗಳಿಂದ. ಹೀಗಾಗಿ ಮಿದುಳಿನ ಉರಿಯೂತವನ್ನು ಬಹುಕಾಲ ಕಣ್ಣಾರೆ ಕಂಡವರೆಂದರೆ ಶವಪರೀಕ್ಷೆ ನಡೆಸುತ್ತಿದ್ದವರು ಮಾತ್ರ.

ಆ ಸ್ಥಿತಿಯನ್ನು ಬದಲಿಸಿದ ಯಂತ್ರ ಎಂ.ಆರ್.ಐ. ಅದರ ಹೊಸ ಹೊಸ ವಿಧಾನಗಳೇ ಈ ಉಪನ್ಯಾಸದ ವಿಷಯ. ಅವುಗಳತ್ತ ಹೋಗುವ ಮುನ್ನ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಎಂ.ಆರ್.ಐ. ಯಂತ್ರ ಉರಿಯೂತವನ್ನು ನೋಡುವುದಿಲ್ಲ, ನೀರನ್ನು ನೋಡುತ್ತದೆ. ಆ ನೀರಿನ ವರ್ತನೆಯಿಂದ ಉರಿಯೂತವನ್ನು ಊಹಿಸುವವರು ಮನುಷ್ಯರು. ಕಳೆದ ನಾಲ್ಕು ದಶಕಗಳ ಸಂಶೋಧನೆಯೆಲ್ಲ ಈ ಊಹೆಯನ್ನು ಗಟ್ಟಿಗೊಳಿಸುವ ಪ್ರಯತ್ನವೇ ಆಗಿದೆ. ಎಲ್ಲಿ ಅದು ಗಟ್ಟಿಯಾಗಿದೆ, ಎಲ್ಲಿ ಇನ್ನೂ ಸಡಿಲವಾಗಿದೆ ಎಂಬುದನ್ನು ತೂಗಿ ನೋಡುವುದು ಇಲ್ಲಿನ ಉದ್ದೇಶ.

ಮಿದುಳಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ನೀರಿನ ಪ್ರತಿ ಅಣುವಿನಲ್ಲೂ ಎರಡು ಹೈಡ್ರೋಜನ್ ಪರಮಾಣುಗಳು, ಅವುಗಳ ಕೇಂದ್ರದಲ್ಲಿರುವ ಪ್ರೋಟಾನುಗಳಿಗೆ ಪುಟ್ಟ ಕಾಂತಗುಣ. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 3 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 60 ಸಾವಿರ ಪಟ್ಟು ಬಲವಾದುದು. ಅದರೊಳಗೆ ಪ್ರೋಟಾನುಗಳು ಸೆಕೆಂಡಿಗೆ ಸುಮಾರು 12.8 ಕೋಟಿ ಸಲ ಗಿರಕಿ ಹೊಡೆಯುತ್ತವೆ. ಇದು ಎಫ್.ಎಂ. ರೇಡಿಯೋ ತರಂಗಗಳಿಗಿಂತ ತುಸು ಮೇಲಿನ ಆವರ್ತನ. ಅದೇ ಆವರ್ತನದ ರೇಡಿಯೋ ತರಂಗವನ್ನು ಒಂದು ಕ್ಷಣ ಹಾಯಿಸಿದರೆ ಪ್ರೋಟಾನುಗಳು ಕದಲುತ್ತವೆ, ನಿಲ್ಲಿಸಿದರೆ ಮೆಲ್ಲಗೆ ಮೊದಲಿನ ಸ್ಥಿತಿಗೆ ಮರಳುತ್ತವೆ. ಮರಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ನೀರು ಎಲ್ಲಿದೆ, ಯಾವುದಕ್ಕೆ ಅಂಟಿಕೊಂಡಿದೆ, ಎಷ್ಟು ಸ್ವತಂತ್ರವಾಗಿದೆ ಎಂಬುದನ್ನು ಅವಲಂಬಿಸಿದೆ. ಈ ಭೌತಶಾಸ್ತ್ರವನ್ನು ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ 1946ರಲ್ಲಿ ತೋರಿಸಿ 1952ರ ನೊಬೆಲ್ ಪಡೆದರು. ಅದರಿಂದ ಚಿತ್ರ ಕಟ್ಟುವ ದಾರಿಯನ್ನು ಪಾಲ್ ಲಾಟರ್‌ಬರ್ 1973ರಲ್ಲಿ ಪ್ರಕಟಿಸಿದರು. ಅವರಿಗೂ ಬ್ರಿಟನ್ನಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ ನೊಬೆಲ್ ಬಂದದ್ದು 2003ರಲ್ಲಿ.

ಉರಿಯೂತವಾದಲ್ಲಿ ಅಂಗಾಂಶದ ನೀರು ಹೆಚ್ಚುತ್ತದೆ, ಬಿಡುಬೀಸಾಗುತ್ತದೆ. ಅದರ ಪ್ರೋಟಾನುಗಳು ನಿಧಾನವಾಗಿ ಮರಳುತ್ತವೆ. ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಸ್ಕ್ಯಾನ್ ರಿಪೋರ್ಟಿನಲ್ಲಿ ಬರುವ ‘ಬಿಳಿ ಮಚ್ಚೆ’ಯ ಹುಟ್ಟು ಇಷ್ಟೇ.

ಈ ಮಚ್ಚೆಗಳ ಶಕ್ತಿ ಮೊದಲು ಗೊತ್ತಾದದ್ದು ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗದಲ್ಲಿ. ದೇಹದ ರಕ್ಷಣಾ ಕಣಗಳೇ ನರತಂತುಗಳ ಸುತ್ತಲಿನ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯ ಮೇಲೆ ದಾಳಿ ಮಾಡುವ ರೋಗವಿದು. ಪ್ಯಾರಿಸ್ಸಿನ ಸಾಲ್ಪೆಟ್ರಿಯೆರ್ ಆಸ್ಪತ್ರೆಯಲ್ಲಿ ಝಾನ್-ಮಾರ್ಟಿನ್ ಶಾರ್ಕೊ 1868ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದ್ದು ಬದುಕಿದ್ದಾಗಿನ ಲಕ್ಷಣಗಳನ್ನೂ ಸತ್ತ ಮೇಲಿನ ಮಿದುಳನ್ನೂ ತಾಳೆ ನೋಡಿ. ನಡುವಿನ ಅವಧಿಯಲ್ಲಿ, ಅಂದರೆ ರೋಗಿ ಬದುಕಿರುವಾಗ, ಒಳಗೆ ಏನು ನಡೆಯುತ್ತದೆ ಎಂಬುದು ಆಮೇಲೂ ನೂರಕ್ಕೂ ಹೆಚ್ಚು ವರ್ಷ ಮರೆಯಲ್ಲೇ ಇತ್ತು. 1981ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ತಂಡ ಹತ್ತು ರೋಗಿಗಳನ್ನು ಹೊಸ ಯಂತ್ರದಲ್ಲಿ ಮಲಗಿಸಿತು. ಸಿ.ಟಿ. ಸ್ಕ್ಯಾನಿನಲ್ಲಿ ಆ ಹತ್ತು ಜನರಲ್ಲಿ ಕಂಡಿದ್ದ ಮಚ್ಚೆಗಳು ಒಟ್ಟು 19. ಎಂ.ಆರ್. ಚಿತ್ರದಲ್ಲಿ ಅವುಗಳ ಮೇಲೆ ಇನ್ನೂ 112 ಕಂಡವು.

ಈ ಅಂತರವೇ ಒಂದು ಇಡೀ ವಿಜ್ಞಾನವನ್ನು ಹುಟ್ಟುಹಾಕಿತು. ಮಿದುಳಿನ ಸುತ್ತಲಿನ ದ್ರವದ ಹೊಳಪನ್ನು ಅಡಗಿಸಿ ಮಚ್ಚೆಯನ್ನಷ್ಟೇ ಎತ್ತಿ ತೋರಿಸುವ ಫ್ಲೇರ್ ವಿಧಾನ 1990ರ ದಶಕದ ಆರಂಭದಲ್ಲಿ ಅದೇ ಹ್ಯಾಮರ್‌ಸ್ಮಿತ್‌ನಿಂದ ಬಂತು. ಇಂದು ಮಿದುಳಿನ ಬಹುತೇಕ ಎಂ.ಆರ್.ಐ. ಪರೀಕ್ಷೆಗಳು ಅದಿಲ್ಲದೆ ಮುಗಿಯುವುದಿಲ್ಲ. 1993ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ರೋಗಕ್ಕೆ ಬೀಟಾ ಇಂಟರ್ಫೆರಾನ್ ಎಂಬ ಔಷಧವನ್ನು ಒಪ್ಪಿದಾಗ, ಕೆನಡಾದ ವ್ಯಾಂಕೂವರ್‌ನಲ್ಲಿ ವಿಶ್ಲೇಷಿಸಿದ ಸ್ಕ್ಯಾನುಗಳ ಸಾಕ್ಷ್ಯ ದೊಡ್ಡ ಪಾತ್ರ ವಹಿಸಿತ್ತು. ಮಚ್ಚೆಗಳ ಲೆಕ್ಕ ಔಷಧದ ಗುಣವನ್ನು ಅಳೆಯುವ ಮಾನದಂಡವಾಯಿತು.

ಆದರೆ ಮಾನದಂಡಕ್ಕೆ ಒಂದು ಬಿರುಕಿತ್ತು. ಮಿದುಳಿನ ತುಂಬ ಮಚ್ಚೆಗಳಿದ್ದವರು ಓಡಾಡಿಕೊಂಡಿರುತ್ತಿದ್ದರು, ಕೆಲವೇ ಮಚ್ಚೆಗಳಿದ್ದವರು ಗಾಲಿಕುರ್ಚಿ ಹಿಡಿದಿರುತ್ತಿದ್ದರು. ಈ ವಿರೋಧಾಭಾಸದ ಮೇಲೆ ಬೇಕಾದಷ್ಟು ಚರ್ಚೆಯಾಗಿದೆ. ಕಾರಣದ ಒಂದು ಭಾಗ ನೀರಿನಲ್ಲೇ ಇದೆ. ಹೊಸ ಉರಿಯೂತದ ಊತ, ಮಯಲಿನ್ ಸವೆದ ಜಾಗ, ಎಂದೋ ಆರಿಹೋದ ಗಾಯದ ಕಲೆ, ರಕ್ತದೊತ್ತಡದಿಂದ ಸೊರಗಿದ ಸಣ್ಣ ರಕ್ತನಾಳದ ಸುತ್ತಲಿನ ಹಾನಿ, ಮೈಗ್ರೇನ್ ಇರುವವರಲ್ಲಿ ಕಾಣುವ ಚುಕ್ಕೆ, ಮುಪ್ಪಿನ ಗುರುತು, ಇವೆಲ್ಲದರಲ್ಲೂ ಬಿಡುನೀರು ಹೆಚ್ಚಾಗಿಯೇ ಇರುತ್ತದೆ. ಹೀಗಾಗಿ ಎಲ್ಲವೂ ಬಿಳಿ. ಲಾಸ್ ಏಂಜಲೀಸ್‌ನ ಎರಡು ದೊಡ್ಡ ಕೇಂದ್ರಗಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಹಣೆಪಟ್ಟಿಯೊಂದಿಗೆ ಹೊಸದಾಗಿ ಬಂದವರನ್ನು ಮರುಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇಕಡಾ 18 ಮಂದಿಗೆ ಆ ರೋಗವೇ ಇರಲಿಲ್ಲ. ಅವರ ನಿಜವಾದ ತೊಂದರೆಗಳಲ್ಲಿ ಮೊದಲ ಸ್ಥಾನ ಮೈಗ್ರೇನಿನದು.

ಬಿಳಿ ಮಚ್ಚೆಗಳಲ್ಲಿ ಹೊಸದು ಯಾವುದು ಎಂದು ಹೇಳುವ ಮೊದಲ ಉಪಾಯ ಗಡೋಲಿನಿಯಂ. ಇದರ ಬೇರು 1885ರಷ್ಟು ಹಿಂದಕ್ಕೆ ಹೋಗುತ್ತದೆ. ಜರ್ಮನಿಯ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಹಾಯಿಸಿದಾಗ ಉಳಿದ ಅಂಗಗಳೆಲ್ಲ ಬಣ್ಣ ಹಿಡಿದವು, ಮಿದುಳು ಮಾತ್ರ ಹಿಡಿಯಲಿಲ್ಲ. ಮಿದುಳಿನ ಲೋಮನಾಳಗಳ ಗೋಡೆಯ ಜೀವಕೋಶಗಳು ಸಂದಿಲ್ಲದಂತೆ ಬೆಸೆದುಕೊಂಡಿವೆ, ರಕ್ತದಲ್ಲಿರುವುದೆಲ್ಲ ಒಳಗೆ ಬರುವಂತಿಲ್ಲ ಎಂಬುದು ಮುಂದೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಖಚಿತವಾಯಿತು. ತೀವ್ರ ಉರಿಯೂತದಲ್ಲಿ ಈ ತಡೆ ಒಡೆಯುತ್ತದೆ. ಏಳು ಒಂಟಿ ಎಲೆಕ್ಟ್ರಾನುಗಳಿರುವ ಗಡೋಲಿನಿಯಂ ಲೋಹವನ್ನು ವಿಷವಾಗದಂತೆ ಬೇರೊಂದು ಅಣುವಿನಲ್ಲಿ ಕಟ್ಟಿ ರಕ್ತನಾಳಕ್ಕೆ ಕೊಟ್ಟರೆ, ತಡೆ ಒಡೆದ ಜಾಗದಲ್ಲಿ ಅದು ಸೋರಿ ಅಲ್ಲಿನ ಪ್ರೋಟಾನುಗಳನ್ನು ಬೇಗ ಮರಳಿಸುತ್ತದೆ. ಇದಕ್ಕೆ ತೆಗೆಯುವ ಬೇರೆ ಬಗೆಯ ಚಿತ್ರದಲ್ಲಿ ಬೇಗ ಮರಳಿದ್ದೇ ಹೊಳೆಯುತ್ತದೆ. ಹೊಳೆಯುವುದು ಇಲ್ಲಿಯೂ ನೀರೇ, ಲೋಹವಲ್ಲ. ಈ ಹೊಳಪು ಹೆಚ್ಚಾಗಿ ಕೆಲವೇ ವಾರಗಳಲ್ಲಿ ಅಳಿಯುವುದರಿಂದ ಮಚ್ಚೆಯ ವಯಸ್ಸು ತಿಳಿಯುತ್ತದೆ. ಸೋರಿಕೆಯ ವೇಗವನ್ನೇ ಅಂಕಿಯಲ್ಲಿ ಹಿಡಿಯುವ ಗಣಿತವನ್ನು ಪಾಲ್ ಟಾಫ್ಟ್ಸ್ ಮತ್ತು ಆಲನ್ ಕರ್ಮೋಡ್ ಲಂಡನ್ನಿನಲ್ಲಿ 1991ರಲ್ಲಿ ಮಂಡಿಸಿದ್ದು ಇದೇ ರೋಗದ ಮಚ್ಚೆಗಳಿಗಾಗಿ. ಇಂದು ಅದು ಕ್ಯಾನ್ಸರ್ ಸಂಶೋಧನೆಯ ದಿನನಿತ್ಯದ ಸಾಧನ.

ಗಡೋಲಿನಿಯಂ ಈಗ ಮೊದಲಿನಷ್ಟು ಮುಗ್ಧವಾಗಿ ಕಾಣುವುದಿಲ್ಲ. ಮೂತ್ರಪಿಂಡ ಸೋತವರಲ್ಲಿ ಅದು ಚರ್ಮ ಗಟ್ಟಿಯಾಗುವ ಗಂಭೀರ ಕಾಯಿಲೆ ತರಬಲ್ಲದೆಂದು 2006ರಲ್ಲಿ ತಿಳಿಯಿತು. ಹಲವು ಸಲ ಚುಚ್ಚಿಸಿಕೊಂಡವರ ಮಿದುಳಿನ ಕೆಲವು ಭಾಗಗಳಲ್ಲಿ ಅದರ ಕುರುಹು ಉಳಿಯುತ್ತದೆ ಎಂದು ಜಪಾನಿನ ಸಂಶೋಧಕರು 2014ರಲ್ಲಿ ತೋರಿಸಿದರು. ಯುರೋಪಿನ ನಿಯಂತ್ರಕರು 2017ರಲ್ಲಿ ಅದರ ಕೆಲವು ಬಗೆಗಳನ್ನು ತಡೆಹಿಡಿದರು. ವರ್ಷ ವರ್ಷ ಸ್ಕ್ಯಾನ್ ಬೇಕಾಗುವ ರೋಗದಲ್ಲಿ ಪ್ರತಿ ಸಲವೂ ಇಂಜೆಕ್ಷನ್ ಅನಗತ್ಯ ಎಂಬುದು ಈಗ ಅಂತರರಾಷ್ಟ್ರೀಯ ಮಾರ್ಗಸೂಚಿಗಳ ನಿಲುವು.

ಅದಕ್ಕಿಂತ ಆಳವಾದ ಮಿತಿ ಇನ್ನೊಂದಿದೆ. ಗಡೋಲಿನಿಯಂ ತೋರುವುದು ಬಾಗಿಲು ಮುರಿದದ್ದನ್ನು. ಬಾಗಿಲು ಮತ್ತೆ ಮುಚ್ಚಿಕೊಂಡ ಮೇಲೆ ಒಳಗೆ ಉಳಿದವರು ಏನು ಮಾಡುತ್ತಿದ್ದಾರೆ ಎಂಬುದು ಅದಕ್ಕೆ ಗೊತ್ತಿಲ್ಲ. ಪ್ರಬಲ ಔಷಧಗಳು ಬಂದ ಮೇಲೆ ವೈದ್ಯರು ಎದುರಿಸಿದ ಒಗಟು ಇದೇ. ಹೊಸ ಮಚ್ಚೆ ಇಲ್ಲ, ಸೋರಿಕೆ ಇಲ್ಲ, ರೋಗ ಮರುಕಳಿಸಿಲ್ಲ. ಆದರೂ ರೋಗಿಯ ನಡಿಗೆ ವರ್ಷದಿಂದ ವರ್ಷಕ್ಕೆ ಕುಂಠಿತವಾಗುತ್ತಲೇ ಹೋಗುತ್ತದೆ.

ಒಳಗೆ ಉಳಿದವರಲ್ಲಿ ಮುಖ್ಯವಾದವು ಮೈಕ್ರೋಗ್ಲಿಯಾ. ಸ್ಪೇನಿನ ಪಿಯೊ ದೆಲ್ ರಿಯೊ ಒರ್ತೇಗಾ 1919ರಲ್ಲಿ ಗುರುತಿಸಿದ ಈ ಪುಟ್ಟ ಕೋಶಗಳು ಮಿದುಳಿನದೇ ಕಾವಲುಗಾರರು. ಸತ್ತ ಕಸವನ್ನು ನುಂಗುವುದು ಅವುಗಳ ಕೆಲಸ. ಆದರೆ ಕೆಲವು ಮಚ್ಚೆಗಳ ಅಂಚಿನಲ್ಲಿ ಅವು ಕೆಲಸ ಮುಗಿಸಿ ತಣ್ಣಗಾಗುವುದಿಲ್ಲ. ವರ್ಷಗಟ್ಟಲೆ ಕೆರಳಿಯೇ ಇದ್ದು ಸುತ್ತಲಿನ ಒಳ್ಳೆಯ ಅಂಗಾಂಶವನ್ನು ನಿಧಾನವಾಗಿ ತಿನ್ನುತ್ತವೆ. ಈ ಬೂದಿ ಮುಚ್ಚಿದ ಉರಿಯೂತವನ್ನು ಬದುಕಿರುವವರಲ್ಲಿ ಹಿಡಿಯುವುದು ಹೇಗೆ?

ಉತ್ತರ ಸಿಕ್ಕಿದ್ದು ಆ ಕೋಶಗಳಲ್ಲಿ ತುಂಬಿಕೊಳ್ಳುವ ಕಬ್ಬಿಣದಿಂದ. ಇದಕ್ಕೆ ಬಳಸುವ ವಿಧಾನ, ಕಾಂತಕ್ಷೇತ್ರದಲ್ಲಿ ಆಗುವ ಅತಿ ಸಣ್ಣ ಏರುಪೇರನ್ನು ಗ್ರಹಿಸುವಂಥದು. ಆಮ್ಲಜನಕ ಬಿಟ್ಟುಕೊಟ್ಟ ರಕ್ತದ ಹೀಮೋಗ್ಲೋಬಿನ್ ಕಾಂತಕ್ಕೆ ಸ್ಪಂದಿಸುತ್ತದೆ ಎಂಬುದು 1936ರಿಂದ ತಿಳಿದಿದ್ದ ವಿಷಯ. ಅದನ್ನೇ ಹಿಡಿದು ಸೇಜಿ ಒಗಾವಾ 1990ರಲ್ಲಿ ಮಿದುಳಿನ ಚಟುವಟಿಕೆಯ ಚಿತ್ರಣಕ್ಕೆ ದಾರಿ ಮಾಡಿದರು. ಮಾರ್ಕ್ ಹಾಕಿ ಮತ್ತು ಸಂಗಡಿಗರು ಅದೇ ಗುಣದಿಂದ ಸೂಕ್ಷ್ಮ ಅಭಿಧಮನಿಗಳನ್ನು ತೋರಿಸುವ ಎಸ್.ಡಬ್ಲ್ಯು.ಐ. ಎಂಬ ವಿಧಾನವನ್ನು ರೂಪಿಸಿದರು. ಇದಕ್ಕೆ ಇಂಜೆಕ್ಷನ್ ಬೇಡ. ಸಣ್ಣ ರಕ್ತಸ್ರಾವಗಳನ್ನು ಹುಡುಕಲು ನಮ್ಮ ಊರುಗಳ ಯಂತ್ರಗಳಲ್ಲೂ ಇದನ್ನು ದಿನವೂ ಬಳಸುತ್ತಾರೆ.

ಈ ಬಗೆಯ ಚಿತ್ರದಲ್ಲಿ ಒಂದೇ ಒಂದು ಮಚ್ಚೆಯನ್ನು ಹತ್ತಿರದಿಂದ ನೋಡೋಣ. ಮಿದುಳಿನ ದ್ರವಕೋಣೆಯ ಪಕ್ಕದಲ್ಲಿ ಕೆಲವೇ ಮಿಲಿಮೀಟರ್ ಅಗಲದ ಅಂಡಾಕಾರದ ಮಚ್ಚೆ. ಫ್ಲೇರ್ ಚಿತ್ರದಲ್ಲಿ ಅದು ಬರೀ ಬಿಳಿ, ಉಳಿದ ನೂರು ಬಿಳಿಗಳಂತೆಯೇ. ಅದೇ ಜಾಗದ ಎಸ್.ಡಬ್ಲ್ಯು.ಐ. ಬಗೆಯ ಕಾಂತಸಂವೇದಿ ಚಿತ್ರವನ್ನು ಅದರ ಮೇಲೆ ಹೊಂದಿಸಿದಾಗ ಮಚ್ಚೆಯ ಸರಿ ನಡುವೆ ಕೂದಲೆಳೆಯಂಥ ಕಪ್ಪು ಗೆರೆಯೊಂದು ಹಾದುಹೋಗುತ್ತದೆ. ಅದು ಅಭಿಧಮನಿ. ಮಚ್ಚೆಯ ಅಂಚಿನಲ್ಲಿ ಇನ್ನೊಂದು ಕಪ್ಪು ಗೆರೆ, ಪೂರ್ತಿ ಅಥವಾ ಅರ್ಧಂಬರ್ಧ ಬಳೆಯಾಗಿ. ಅದು ಕಬ್ಬಿಣ ತುಂಬಿಕೊಂಡು ಕೆರಳಿ ನಿಂತ ಮೈಕ್ರೋಗ್ಲಿಯಾಗಳ ಸಾಲು. ಒಂದೇ ಮಚ್ಚೆಯಲ್ಲಿ ರೋಗ ಎಲ್ಲಿಂದ ಬಂತು ಎಂಬುದೂ ಇನ್ನೂ ಎಲ್ಲಿ ಉರಿಯುತ್ತಿದೆ ಎಂಬುದೂ ಬರೆದಿರುತ್ತದೆ.

ನಡುವಿನ ಗೆರೆಯ ಚರಿತ್ರೆ ರೋಮಾಂಚಕವಾದುದು. 1863ರಲ್ಲಿ ಎಡುವಾರ್ಡ್ ರಿಂಡ್‌ಫ್ಲೈಶ್ ಈ ರೋಗದಿಂದ ಸತ್ತವರ ಮಿದುಳನ್ನು ಕತ್ತರಿಸಿ ನೋಡಿ, ಮಚ್ಚೆಗಳ ನಡುವೆ ರಕ್ತ ತುಂಬಿದ ನಾಳವಿರುತ್ತದೆ ಎಂದು ಬರೆದಿದ್ದ. ರಕ್ಷಣಾ ಕಣಗಳು ಅಭಿಧಮನಿಯ ಗೋಡೆ ದಾಟಿ ಬಂದು ಅದರ ಸುತ್ತ ದಾಳಿ ಶುರುಮಾಡುತ್ತವೆ ಎಂಬ ತಿಳಿವಳಿಕೆಗೆ ಅದು ಮೊದಲ ಸುಳಿವು. ಬದುಕಿರುವ ಮನುಷ್ಯನಲ್ಲಿ ಅದೇ ನಾಳವನ್ನು ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ಮೊದಲಾದ ಕಡೆ 7 ಟೆಸ್ಲಾ ಯಂತ್ರಗಳಲ್ಲಿ ಸ್ಪಷ್ಟವಾಗಿ ಕಾಣಲು ಸುಮಾರು ಒಂದೂವರೆ ಶತಮಾನ ಹಿಡಿಯಿತು. ಮೈಗ್ರೇನಿನ ಅಥವಾ ರಕ್ತದೊತ್ತಡದ ಮಚ್ಚೆಗಳಲ್ಲಿ ಈ ನಡುಗೆರೆ ಅಪರೂಪ. ಶೇಕಡಾ 40ಕ್ಕಿಂತ ಹೆಚ್ಚು ಮಚ್ಚೆಗಳಲ್ಲಿ ಇದ್ದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಅನುಮಾನ ಬಲಗೊಳ್ಳುತ್ತದೆ. ಎಲ್ಲವನ್ನೂ ಎಣಿಸುವ ತ್ರಾಣವಿಲ್ಲದ ಆಸ್ಪತ್ರೆಗಳಿಗಾಗಿ ಆರು ಮಚ್ಚೆಗಳಲ್ಲಿ ಕಂಡರೆ ಸಾಕು ಎಂಬ ಸರಳ ನಿಯಮವೂ ಬಂದಿದೆ.

ಅಂಚಿನ ಬಳೆಯ ಅರ್ಥವನ್ನು ಬಿಡಿಸಿದ್ದರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಡೇನಿಯಲ್ ರೈಕ್, ಮಾರ್ಟಿನಾ ಅಬ್ಸಿಂಟಾ ಮತ್ತು ಅವರ ತಂಡದ ಪಾಲು ದೊಡ್ಡದು. 192 ರೋಗಿಗಳನ್ನು ಕುರಿತ ಅವರ 2019ರ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕನಿಷ್ಠ ಒಂದು ಬಳೆಯಿತ್ತು. ನಾಲ್ಕು ಅಥವಾ ಹೆಚ್ಚು ಬಳೆಗಳಿದ್ದವರು ಚಿಕಿತ್ಸೆ ನಡೆದಿದ್ದರೂ ಇತರರಿಗಿಂತ ಎಳೆಯ ವಯಸ್ಸಿನಲ್ಲೇ ನಡಿಗೆಯನ್ನೂ ಬುದ್ಧಿಯ ಚುರುಕನ್ನೂ ಕಳೆದುಕೊಳ್ಳುತ್ತಿದ್ದರು. 2021ರಲ್ಲಿ ಇದೇ ಗುಂಪು ಮರಣಾನಂತರ ದೊರೆತ ಮಿದುಳುಗಳಲ್ಲಿ ಬಳೆಯ ಜಾಗವನ್ನು ಗುರುತಿಸಿ, ಅಲ್ಲಿನ ಒಂದೊಂದೇ ಕೋಶದಲ್ಲಿ ಯಾವ ಜೀನುಗಳು ಎಚ್ಚೆತ್ತಿವೆ ಎಂದು ಓದಿತು. ಉರಿಯೂತವನ್ನು ನಡೆಸುವ ಸಿ1ಕ್ಯು ಎಂಬ ಪ್ರೋಟೀನಿನ ಪಾತ್ರ ಹೊರಬಿದ್ದದ್ದು ಹಾಗೆ. ಈ ಕ್ರಮವನ್ನು ವಿಶೇಷವಾಗಿ ಎತ್ತಿಹೇಳಬೇಕು. ಇಲ್ಲಿ ಚಿತ್ರವನ್ನು ಚಿತ್ರದಿಂದಲೇ ಸಮರ್ಥಿಸಲಿಲ್ಲ. ಅಂಗಾಂಶದ ಎದುರಿಗಿಟ್ಟು ಪರೀಕ್ಷಿಸಿದರು. ನೀರಿನ ಮಾತನ್ನು ನಂಬುವ ಹಕ್ಕು ದೊರೆಯುವುದು ಈ ಬಗೆಯ ದುಡಿಮೆಯಿಂದ. ರೋಗನಿರ್ಣಯದ ಮೆಕ್‌ಡೊನಾಲ್ಡ್ ಸೂತ್ರಗಳ 2024ರ ಪರಿಷ್ಕರಣೆ ನಡುಗೆರೆಗೂ ಅಂಚಿನ ಬಳೆಗೂ ಜಾಗ ಕೊಟ್ಟಿತು. ಆ ಮನ್ನಣೆಗೆ ಅವು ಅರ್ಹವಾಗಿದ್ದವು.

ಸಭಿಕರಲ್ಲಿ ಕೆಲವರಿಗೆ ಒಂದು ಪ್ರಶ್ನೆ ಸಹಜವಾಗಿ ಬರಬಹುದು. ಇದು ಹೆಚ್ಚಾಗಿ ಶೀತದೇಶಗಳ ರೋಗವಲ್ಲವೇ? ಕರ್ನಾಟಕದ ಕರಾವಳಿಯಿಂದಲೇ ಇದಕ್ಕೆ ಉತ್ತರವಿದೆ. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಮಯಲಿನ್ ಸವೆಸುವ ರೋಗಗಳ ನೋಂದಣಿಯೊಂದನ್ನು ಕಟ್ಟಿ ಬೆಳೆಸಿದ್ದಾರೆ. ನಗರದಲ್ಲಿ ನಡೆಸಿದ ಗಣತಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಲಕ್ಷಕ್ಕೆ ಸುಮಾರು ಎಂಟು ಜನರಲ್ಲಿ ಕಂಡಿತು. ಯುರೋಪಿಗೆ ಹೋಲಿಸಿದರೆ ಕಡಿಮೆ, ಆದರೆ ನಿರ್ಲಕ್ಷಿಸುವಷ್ಟಲ್ಲ. ಇದರ ಜೊತೆಗೆ ನ್ಯೂರೋಮಯಲೈಟಿಸ್ ಆಪ್ಟಿಕಾ ಎಂಬ ಇನ್ನೊಂದು ರೋಗ ನಮ್ಮಲ್ಲಿ ಗಣನೀಯವಾಗಿದೆ. ದೃಷ್ಟಿನರ ಮತ್ತು ಬೆನ್ನುಹುರಿಯನ್ನು ಹಿಡಿಯುವ ಈ ರೋಗಕ್ಕೆ ಕಾರಣವಾದ ಪ್ರತಿಕಾಯವನ್ನು ಅಮೆರಿಕದ ಮೇಯೋ ಕ್ಲಿನಿಕ್ಕಿನ ವಾಂಡಾ ಲೆನನ್ ತಂಡ 2004ರಲ್ಲಿ ಕಂಡುಹಿಡಿಯಿತು. ಮರುವರ್ಷ ಆ ಪ್ರತಿಕಾಯದ ಗುರಿ ಅಕ್ವಾಪೋರಿನ್-4, ಅಂದರೆ ಕೋಶಗಳೊಳಗೆ ನೀರು ಹಾಯುವ ದ್ವಾರ, ಎಂದು ತಿಳಿಯಿತು. ಎರಡೂ ರೋಗಗಳಲ್ಲಿ ಕಣ್ಣು ಮಂಜಾಗಬಹುದು, ಕಾಲು ಸೋಲಬಹುದು. ಆದರೆ ಮೊದಲನೆಯದಕ್ಕೆ ಕೊಡುವ ಇಂಟರ್ಫೆರಾನ್ ಎರಡನೆಯದನ್ನು ಕೆರಳಿಸಬಲ್ಲದು. ಇಂಥ ಕಡೆ ಕೂದಲೆಳೆಯಷ್ಟಿನ ನಡುಗೆರೆ ಇದೆಯೋ ಇಲ್ಲವೋ ಎಂಬುದು ಬರಿಯ ಶಾಸ್ತ್ರದ ಕುತೂಹಲವಾಗಿ ಉಳಿಯುವುದಿಲ್ಲ. ನ್ಯೂರೋಮಯಲೈಟಿಸ್ ಮಚ್ಚೆಗಳಲ್ಲಿ ಅದು ಕಾಣುವುದು ವಿರಳ. ರಕ್ತದ ಪ್ರತಿಕಾಯ ಪರೀಕ್ಷೆಯೇ ಅಂತಿಮ ನಿರ್ಣಾಯಕ ಎಂಬುದು ನಿಜವಾದರೂ, ಆ ಪರೀಕ್ಷೆಗೆ ಕಳಿಸಬೇಕೆಂಬ ಯೋಚನೆಯನ್ನು ಹುಟ್ಟಿಸುವುದು ಚಿತ್ರವೇ.

ಭಾರತದ ಆಸ್ಪತ್ರೆಗಳಲ್ಲಿ ಮಿದುಳಿನ ಉರಿಯೂತವೆಂದರೆ ಮೊದಲು ನೆನಪಾಗುವುದು ಕ್ಷಯ, ಲಾಡಿಹುಳುವಿನ ಮರಿ, ಕೀವುಗಡ್ಡೆ. ಇಲ್ಲಿಯೂ ಅಂಗಾಂಶವೇ ಪಾಠ ಕಲಿಸಿದೆ. ಫಿಟ್ಸ್ ಬಂದವರ ಸ್ಕ್ಯಾನಿನಲ್ಲಿ ಕಾಣುವ ಸಣ್ಣ ಒಂಟಿ ಉಂಗುರವನ್ನು ಒಂದು ಕಾಲದಲ್ಲಿ ಕ್ಷಯದ ಗಂಟೆಂದೇ ಬಗೆದು ತಿಂಗಳುಗಟ್ಟಲೆ ಔಷಧ ಕೊಡುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನರಶಸ್ತ್ರಜ್ಞರು ತುಣುಕು ತೆಗೆದು ಪರೀಕ್ಷಿಸಿದಾಗ ಅವುಗಳಲ್ಲಿ ಬಹುಪಾಲು ಲಾಡಿಹುಳುವಿನ ಮರಿ ಎಂದು ತಿಳಿಯಿತು. ಉಂಗುರದ ಗಾತ್ರ, ಸುತ್ತಲಿನ ಊತ ಇವುಗಳಿಂದ ಎರಡನ್ನೂ ಬೇರ್ಪಡಿಸುವ ಸೂತ್ರವನ್ನು ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದರು. ಎಷ್ಟೋ ಜನ ಬೇಡದ ಕ್ಷಯದ ಮಾತ್ರೆಗಳಿಂದ ಪಾರಾದರು.

ಈ ಸೋಂಕುಗಳಲ್ಲಿ ಬಹಳ ನೆರವಿಗೆ ಬಂದದ್ದು ನೀರಿನ ಚಲನೆಯನ್ನು ಅಳೆಯುವ ಡಿಫ್ಯೂಷನ್ ವಿಧಾನ. ನೀರಿನ ಅಣುಗಳು ಸದಾ ಅಲೆದಾಡುತ್ತವೆ. ಆ ಅಲೆದಾಟವನ್ನು ಮಿದುಳಿನಲ್ಲಿ ಚಿತ್ರಿಸುವ ದಾರಿಯನ್ನು ಫ್ರಾನ್ಸಿನ ಡೆನಿ ಲೆ ಬಿಹಾನ್ 1980ರ ದಶಕದ ನಡುವಿನಲ್ಲಿ ತೋರಿಸಿದರು. ಕೀವು ಗಟ್ಟಿ, ಕೋಶಗಳಿಂದ ತುಂಬಿದ್ದು, ಅಲ್ಲಿ ನೀರು ಅಲುಗಾಡಲಾರದು. ಕ್ಯಾನ್ಸರ್ ಗೆಡ್ಡೆಯ ಸತ್ತ ನಡುಭಾಗದ ದ್ರವದಲ್ಲಿ ಅದು ಸಲೀಸಾಗಿ ಓಡಾಡುತ್ತದೆ. ಉಂಗುರದಂಥ ಗಂಟು ಕೀವುಗಡ್ಡೆಯೋ ಕ್ಯಾನ್ಸರೋ ಎಂಬ ಪ್ರಶ್ನೆಗೆ ಕೆಲವೇ ನಿಮಿಷಗಳ ಈ ಚಿತ್ರ ಬಹಳ ಸಲ ಉತ್ತರ ಕೊಡುತ್ತದೆ.

1994ರಲ್ಲಿ ಪೀಟರ್ ಬ್ಯಾಸರ್ ಮತ್ತು ಸಹೋದ್ಯೋಗಿಗಳು ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ನರತಂತುಗಳು ಒತ್ತಾಗಿ ಕಟ್ಟಿದ ಕಬ್ಬಿನ ಹೊರೆಯಂತೆ ಸಾಲಾಗಿರುತ್ತವೆ. ಉದ್ದಕ್ಕೆ ನೀರು ಸುಲಭವಾಗಿ ಸರಿಯುತ್ತದೆ, ಅಡ್ಡಕ್ಕೆ ಸರಿಯಲಾರದು. ಈ ದಿಕ್ಕಿನ ಒಲವನ್ನು ಸೊನ್ನೆಯಿಂದ ಒಂದರವರೆಗಿನ ಒಂದೇ ಅಂಕಿಯಲ್ಲಿ ಹಿಡಿಯಬಹುದು. ಅಂಕಿ ಇಳಿದರೆ ‘ತಂತುಗಳ ಆರೋಗ್ಯ ಕೆಟ್ಟಿದೆ’, ಏರಿದರೆ ‘ಚೆನ್ನಾಗಿದೆ’ ಎಂದು ಬರೆಯುವ ವಾಡಿಕೆ ಸಂಶೋಧನಾ ಲೇಖನಗಳಲ್ಲಿ ಬೇರೂರಿತು. ಆ ವಾಡಿಕೆಗೆ ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ಸಂಸ್ಥೆಯಲ್ಲಿ ರಾಕೇಶ್ ಗುಪ್ತಾ ಅವರ ತಂಡ ಕೊಟ್ಟ ಪೆಟ್ಟು ಮರೆಯಲಾಗದ್ದು. ಮಿದುಳಿನ ಕೀವುಗಡ್ಡೆಗಳ ಒಳಗೆ ಈ ಅಂಕಿ ಎತ್ತರದಲ್ಲಿದೆ ಎಂದು ಅವರು 2005ರಲ್ಲಿ ವರದಿ ಮಾಡಿದರು. ಕೀವಿನಲ್ಲಿ ಆರೋಗ್ಯವಂತ ನರತಂತುಗಳು ಎಲ್ಲಿಂದ ಬರಬೇಕು? ಉರಿಯೂತದ ಕಣಗಳು ಪರಸ್ಪರ ಅಂಟಿಕೊಂಡು ಒಂದು ವ್ಯವಸ್ಥೆಗೆ ಬಂದದ್ದೇ ಕಾರಣ ಎಂದು ಅವರು ಮುಂದಿನ ಅಧ್ಯಯನಗಳಲ್ಲಿ ತೋರಿಸಿದರು. ಒಂದು ಕಡೆ ಆರೋಗ್ಯದ ಗುರುತಾದ ಅಂಕಿ ಇನ್ನೊಂದು ಕಡೆ ರೋಗದ ಗುರುತು. ಅಂಕಿಯನ್ನು ಕೊಡುವುದು ನೀರು, ಹೆಸರನ್ನು ಕೊಡುವವರು ನಾವು. ಈ ಕ್ಷೇತ್ರದಲ್ಲಿ ಭಾರತದ ಪ್ರಯೋಗಾಲಯದಿಂದ ಬಂದ ಬಹು ಬೆಲೆಯುಳ್ಳ ಎಚ್ಚರಿಕೆಗಳಲ್ಲಿ ಇದೊಂದು.

ಉಳಿದ ಕೆಲವು ವಿಧಾನಗಳನ್ನು ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. ಪ್ರೋಟೀನು ಮತ್ತು ಕೊಬ್ಬಿಗೆ ಅಂಟಿಕೊಂಡ ನೀರನ್ನು ಪರೋಕ್ಷವಾಗಿ ಅಳೆಯುವ ಮ್ಯಾಗ್ನೆಟೈಸೇಷನ್ ಟ್ರಾನ್ಸ್‌ಫರ್ ವಿಧಾನ 1989ರಲ್ಲಿ ಬಂತು. ಮಯಲಿನ್ ಕರಗಿದ್ದನ್ನು ಅದು ಚೆನ್ನಾಗಿ ಹೇಳುತ್ತದೆ. ಕ್ಷಯದ ಮೆನಿಂಜೈಟಿಸ್‌ನಲ್ಲಿ ಮಿದುಳ ಪೊರೆಯ ಬದಲಾವಣೆಯನ್ನೂ ಇಂಜೆಕ್ಷನ್ ಇಲ್ಲದೆ ತೋರಬಲ್ಲದು. ಸ್ಪೆಕ್ಟ್ರೋಸ್ಕೋಪಿ ನೀರನ್ನು ಬದಿಗೊತ್ತಿ ಇತರ ರಾಸಾಯನಿಕಗಳ ದನಿಯನ್ನು ಆಲಿಸಿ ನಕ್ಷೆಯ ಶಿಖರಗಳಾಗಿ ತೋರುತ್ತದೆ. ಕ್ಷಯದ ಗಂಟಿನಲ್ಲಿ ಬ್ಯಾಕ್ಟೀರಿಯಾದ ಮೇಣದಂಥ ಗೋಡೆಯಿಂದಾಗಿ ಕೊಬ್ಬಿನ ಶಿಖರ, ಕೀವುಗಡ್ಡೆಯಲ್ಲಿ ಅಮೈನೋ ಆಮ್ಲಗಳ ಶಿಖರ, ಗ್ಲಿಯಾ ಎಂಬ ಆಸರೆಕೋಶಗಳು ಹೆಚ್ಚಿದಲ್ಲಿ ಮಯೋ-ಇನೋಸಿಟಾಲ್ ಎಂಬ ರಾಸಾಯನಿಕದ ಶಿಖರ. ಕೇಳಲು ಇಂಪಾಗಿದ್ದರೂ ಆ ದನಿ ಬಹಳ ಕ್ಷೀಣ. ಅಡಿಕೆಗಿಂತ ಚಿಕ್ಕ ಜಾಗದ ವಿವರ ಅದರಿಂದ ಸಿಗುವುದು ಕಷ್ಟ. ರಕ್ತಕ್ಕೆ ಕೊಟ್ಟ ಕಬ್ಬಿಣದ ನವಿರು ಕಣಗಳನ್ನು ನುಂಗುಕೋಶಗಳು ನುಂಗಿದ ಮೇಲೆ ಚಿತ್ರ ತೆಗೆಯುವ ಪ್ರಯೋಗಗಳು ಗಡೋಲಿನಿಯಂಗೆ ಹೊಳೆಯದ ಮಚ್ಚೆಗಳನ್ನೂ ಹಿಡಿದಿವೆ, ಆದರೆ ಅವು ಸಂಶೋಧನೆಯ ಆಚೆಗೆ ಹೆಚ್ಚು ಬಂದಿಲ್ಲ.

ಇಷ್ಟೆಲ್ಲ ಇದ್ದೂ ಚಿತ್ರ ಸುಮ್ಮನಿರುವ ರೋಗಗಳಿವೆ. ಯುವತಿಯೊಬ್ಬಳು ಒಂದೆರಡು ವಾರಗಳಲ್ಲಿ ಇದ್ದಕ್ಕಿದ್ದಂತೆ ಬೇರೆಯೇ ಮನುಷ್ಯಳಾಗುತ್ತಾಳೆ. ಭ್ರಮೆ, ಕಿರುಚಾಟ, ನಿದ್ದೆಯಿಲ್ಲ, ಆಮೇಲೆ ಫಿಟ್ಸ್. ಮನೆಯವರು ಮನೋರೋಗವೆಂದೋ ಗಾಳಿ ಸೋಕಿತೆಂದೋ ತಿಳಿಯುತ್ತಾರೆ. ಮಿದುಳಿನ ಎನ್.ಎಂ.ಡಿ.ಎ. ಗ್ರಾಹಕಗಳ ಮೇಲೆ ಪ್ರತಿಕಾಯಗಳು ಎರಗುವ ಈ ಉರಿಯೂತವನ್ನು ಪೆನ್ಸಿಲ್ವೇನಿಯಾದಲ್ಲಿದ್ದ ಝುಸೆಪ್ ದಲ್ಮಾವು 2007ರಲ್ಲಿ ಗುರುತಿಸಿದರು. ಚಿಕಿತ್ಸೆಗೆ ಬಹುಮಟ್ಟಿಗೆ ಮಣಿಯುವ ಈ ರೋಗದಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಸಾಮಾನ್ಯ ಎಂ.ಆರ್.ಐ. ಏನೂ ತೋರಿಸುವುದಿಲ್ಲ. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ತಂಡ 2013ರಲ್ಲಿ ಇಂಥ ರೋಗಿಗಳನ್ನು ಡಿಫ್ಯೂಷನ್ ಮತ್ತು ಚಟುವಟಿಕೆಯ ಚಿತ್ರಗಳಿಂದ ಪರೀಕ್ಷಿಸಿದಾಗ, ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ ಉಳಿದ ಮಿದುಳಿನೊಡನೆ ಇಟ್ಟುಕೊಂಡ ಸಂಪರ್ಕ ಸಡಿಲಗೊಂಡದ್ದು ಕಂಡಿತು. ಗುಂಪಿನ ಸರಾಸರಿಯಲ್ಲಿ ಇದು ಮಹತ್ವದ ಶೋಧ. ತುರ್ತು ವಿಭಾಗದಲ್ಲಿ ಮಲಗಿರುವ ಒಬ್ಬ ಹುಡುಗಿಗೆ ಇದರಿಂದ ನಿರ್ಣಯ ಸಿಗುವುದಿಲ್ಲ, ಅದು ಸಿಗುವುದು ಬೆನ್ನುಹುರಿಯ ದ್ರವದ ಪರೀಕ್ಷೆಯಿಂದ. ‘ಸ್ಕ್ಯಾನ್ ನಾರ್ಮಲ್’ ಎಂಬ ಎರಡು ಪದ ಕೇಳಿ ಉರಿಯೂತವೇ ಇಲ್ಲವೆಂದು ಮನೆಗೆ ಕಳಿಸುವುದು ಅಪಾಯಕರ ಎಂಬುದನ್ನು ಪ್ರತಿ ಜಿಲ್ಲಾಸ್ಪತ್ರೆಯ ವೈದ್ಯರೂ ತಿಳಿದಿರಬೇಕು.

ಇದರ ವಿರುದ್ಧ ದಿಕ್ಕಿನ ತಪ್ಪೂ ಈಗ ಹೆಚ್ಚುತ್ತಿದೆ. ಕೋವಿಡ್ ಇದಕ್ಕೆ ಒಳ್ಳೆಯ ಉದಾಹರಣೆ. ಬ್ರಿಟನ್ನಿನ ಬಯೋಬ್ಯಾಂಕ್ ಯೋಜನೆಯಲ್ಲಿ 785 ಜನರನ್ನು ಎರಡು ಸಲ ಸ್ಕ್ಯಾನ್ ಮಾಡಿದ್ದರು, ಅವರಲ್ಲಿ 401 ಮಂದಿಗೆ ನಡುವೆ ಸೋಂಕು ತಗಲಿತ್ತು. 2022ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ, ವಾಸನೆಗೆ ಸಂಬಂಧಿಸಿದ ಭಾಗಗಳಲ್ಲಿ ಅವರ ಮಿದುಳು ಇತರರಿಗಿಂತ ತುಸು ಹೆಚ್ಚು ತೆಳುವಾಗಿತ್ತು, ನೀರಿನ ಚಲನೆಯೂ ಬದಲಾಗಿತ್ತು. ಇದನ್ನು ‘ಮಿದುಳಿನ ಉರಿಯೂತ’ ಎಂದು ಓದಿಬಿಡುವುದು ಸುಲಭ. ಅಧ್ಯಯನ ಅಷ್ಟನ್ನು ಹೇಳಿರಲಿಲ್ಲ. ವಾಸನೆ ಕಳೆದುಕೊಂಡು ಆ ಭಾಗಕ್ಕೆ ಸಂದೇಶ ಬರುವುದು ನಿಂತರೂ ಅದು ಸೊರಗಬಹುದು ಎಂದು ಲೇಖಕರೇ ಸೂಚಿಸಿದ್ದರು. ಅದಕ್ಕೂ ಮೊದಲೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಂಡ ಕೋವಿಡ್‌ನಿಂದ ಸತ್ತವರ ಮಿದುಳಿನ ತುಣುಕುಗಳನ್ನು 11.7 ಟೆಸ್ಲಾ ಕ್ಷೇತ್ರದಲ್ಲಿ ಚಿತ್ರಿಸಿ, ಚುಕ್ಕೆ ಕಂಡ ಕಡೆಗಳನ್ನೇ ಕತ್ತರಿಸಿ ಸೂಕ್ಷ್ಮದರ್ಶಕದಡಿ ನೋಡಿತ್ತು. ಕಂಡದ್ದು ಸಣ್ಣ ರಕ್ತನಾಳಗಳ ಗೋಡೆ ತೆಳುವಾಗಿ ರಕ್ತದ ಪ್ರೋಟೀನು ಸೋರಿದ್ದು. ವೈರಸ್ಸು ಅಲ್ಲಿ ಸಿಗಲಿಲ್ಲ. ಎರಡರಲ್ಲಿ ಎರಡನೆಯ ದಾರಿ ಕಷ್ಟದ್ದು, ಆದರೆ ಅದು ಕೊಡುವ ಭರವಸೆಯ ತೂಕವೇ ಬೇರೆ. ಖಿನ್ನತೆ, ಮರೆವು, ಬೊಜ್ಜು ಎಲ್ಲದರಲ್ಲೂ ಡಿಫ್ಯೂಷನ್ ಅಂಕಿಗಳ ಏರಿಳಿತವನ್ನು ‘ಉರಿಯೂತ’ ಎಂದು ಕರೆಯುವ ಲೇಖನಗಳು ಇಂದು ಧಾರಾಳವಾಗಿ ಬರುತ್ತಿವೆ. ಅವುಗಳನ್ನು ಓದುವಾಗ ಅಂಗಾಂಶದ ಸಾಕ್ಷಿ ಇದೆಯೇ ಎಂದು ಮೊದಲು ಕೇಳಬೇಕು.

ಯಂತ್ರಗಳ ಬಲ ಏರುತ್ತಲೇ ಇದೆ. ಪ್ಯಾರಿಸ್ ಸಮೀಪದ ಸಾಕ್ಲೇಯಲ್ಲಿ 132 ಟನ್ ತೂಕದ ಆಯಸ್ಕಾಂತವಿರುವ 11.7 ಟೆಸ್ಲಾ ಯಂತ್ರ ಬದುಕಿರುವ ಮನುಷ್ಯರ ಮಿದುಳಿನ ಮೊದಲ ಚಿತ್ರಗಳನ್ನು 2024ರಲ್ಲಿ ಹೊರತಂದಿತು. ಅದು ಮನುಷ್ಯನ ದೊಡ್ಡ ಸಾಧನೆ. ಆದರೆ ಕರ್ನಾಟಕದ ಸಾರ್ವಜನಿಕ ಆಸ್ಪತ್ರೆಗಳು ಮುಂದಿನ ಹತ್ತು ವರ್ಷ ಏನು ಮಾಡಬೇಕು ಎಂದು ಕೇಳಿದರೆ ಉತ್ತರ ಅಷ್ಟು ದುಬಾರಿಯದಾಗಬೇಕಿಲ್ಲ. ನಡುಗೆರೆಯನ್ನೂ ಅಂಚಿನ ಬಳೆಯನ್ನೂ ಈಗಿರುವ 3 ಟೆಸ್ಲಾ ಯಂತ್ರದಲ್ಲಿ ಕೆಲವು ನಿಮಿಷ ಹೆಚ್ಚುವರಿ ಕೊಟ್ಟು ಕಾಣಬಹುದು. ಕೊರತೆಯಿರುವುದು ತರಬೇತಿಯದು, ಮತ್ತು ಒಂದೇ ಕ್ರಮದಲ್ಲಿ ಸ್ಕ್ಯಾನ್ ಮಾಡುವ ಶಿಸ್ತಿನದು. ರೋಗಿ ಒಂದು ವರ್ಷ ಹುಬ್ಬಳ್ಳಿಯಲ್ಲಿ, ಮರುವರ್ಷ ಬೆಂಗಳೂರಿನಲ್ಲಿ, ಬೇರೆ ಬೇರೆ ಯಂತ್ರದಲ್ಲಿ, ಬೇರೆ ಬೇರೆ ದಪ್ಪದ ಚೂರುಗಳಲ್ಲಿ ಸ್ಕ್ಯಾನ್ ಮಾಡಿಸಿ ಪ್ಲಾಸ್ಟಿಕ್ ಚೀಲದಲ್ಲಿ ಫಿಲ್ಮು ಹೊತ್ತು ಬಂದರೆ ಯಾವ ತಜ್ಞರೂ ಬಳೆ ಬೆಳೆಯಿತೋ ಕುಗ್ಗಿತೋ ಹೇಳಲಾರರು.

ಆ ಪ್ರಶ್ನೆಗೆ ಈಗ ಎಂದಿಗಿಂತ ಹೆಚ್ಚು ತುರ್ತು ಬಂದಿದೆ. ಮಿದುಳಿನ ತಡೆಯನ್ನು ದಾಟಿ ಮೈಕ್ರೋಗ್ಲಿಯಾವನ್ನೇ ತಲುಪಬಲ್ಲ ಔಷಧಗಳು ಪ್ರಯೋಗದಲ್ಲಿವೆ. ಅವುಗಳಲ್ಲೊಂದಾದ ಟೊಲೆಬ್ರುಟಿನಿಬ್, ಮರುಕಳಿಸದೆ ಸದ್ದಿಲ್ಲದೆ ಮುಂದುವರಿಯುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಅಂಗವೈಕಲ್ಯ ಹೆಚ್ಚುವ ಅಪಾಯವನ್ನು ಶೇಕಡಾ 31ರಷ್ಟು ತಗ್ಗಿಸಿತೆಂದು 2025ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ಹೇಳಿತು. ಯಕೃತ್ತಿಗೆ ಹಾನಿಯಾಗುವ ಭಯವೂ ಅದರ ಜೊತೆಗಿದೆ. ಔಷಧ ನಿಜಕ್ಕೂ ಬಳೆಯನ್ನು ಆರಿಸುತ್ತಿದೆಯೇ ಎಂದು ಚಿತ್ರದಲ್ಲಿ ನೋಡಬೇಕೆಂದರೆ ಇನ್ನೊಂದು ತೊಡಕು ಎದುರಾಗುತ್ತದೆ. ವಿಯೆನ್ನಾದ ಸಂಶೋಧಕರು 7 ಟೆಸ್ಲಾ ಯಂತ್ರದಲ್ಲಿ ಅದೇ ಮಚ್ಚೆಗಳನ್ನು ಏಳು ವರ್ಷಗಳವರೆಗೂ ಹಿಂಬಾಲಿಸಿ 2021ರಲ್ಲಿ ಬರೆದಂತೆ, ಬಳೆಗಳು ಮೊದಲ ಕೆಲವು ವರ್ಷ ಹಿಗ್ಗುತ್ತವೆ, ಆಮೇಲೆ ತಾವಾಗಿಯೇ ನಿಧಾನವಾಗಿ ಮಸುಕಾಗುತ್ತವೆ. ಔಷಧ ಪ್ರಯೋಗಗಳು ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಮುಗಿಯುತ್ತವೆ. ಮಸುಕಾದದ್ದು ಔಷಧದಿಂದಲೋ ಕಾಲದಿಂದಲೋ ಎಂದು ಬಿಡಿಸಲು ಒಬ್ಬನೇ ರೋಗಿಯ, ಒಂದೇ ವಿಧಾನದ, ಹತ್ತು ವರ್ಷಗಳ ಚಿತ್ರಸರಣಿ ಬೇಕು. ಮಂಗಳೂರಿನಂಥ ನೋಂದಣಿ ಇರುವ ಕಡೆ, ಅದನ್ನು ಇಂದಿನಿಂದಲೇ ಆರಂಭಿಸಲು ಹೊಸ ಯಂತ್ರವೇನೂ ಬೇಕಿಲ್ಲ.